ಗುಂಡಿಯಿಂದ ತೆಗೆಯದ ಕೋಳಿ

ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ, ದಸರೆಯ ಮರುದಿನ, ನಮ್ಮ ಹಿತ್ತಲಿನ ಗುಂಡಿಯಲ್ಲಿ ಸುಡಲು ಇಟ್ಟಿದ್ದ ಟರ್ಕಿ ಕೋಳಿಯನ್ನು ಹೊರಗೆ ತೆಗೆಯಲಿಲ್ಲ. ಅದು ಬೆಂದಿದೆ ಎಂಬುದು ವಾಸನೆಯಿಂದಲೇ ಎಲ್ಲರಿಗೂ ತಿಳಿದಿತ್ತು. ಪಡಸಾಲೆಯಲ್ಲಿ ಏಳು ಜನರಿಗೆ ತಾಟು ಇಟ್ಟಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಆ ಏಳು ಜನರಲ್ಲಿ ಮೂವರು ನಾರಾಯಣಖೇಡದ ಬಸ್ಸು ಹಿಡಿಯಲು ನಡೆದುಹೋದರು. ಉಳಿದ ನಾಲ್ವರಲ್ಲಿ ಯಾರೂ ಅಂದು ಉಣ್ಣಲಿಲ್ಲ. ಆ ನಾಲ್ವರಲ್ಲಿ ನಾನೊಬ್ಬಳು.

ನಮ್ಮದು ಬೀದರದ ಗಡಿಯಾಚೆ, ತೆಲುಗು ಸೀಮೆಗೆ ಸೇರಿದ ನಾಗಲಗಿದ್ದದ ಕಡೆಯ ಹಳ್ಳಿ. ಕುರಿ ಕಾಯುವ ಮನೆತನ. ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಸಾಲದಿದ್ದರೆ ಉರ್ದು. ಮನೆ ಕಲ್ಲು ಮಣ್ಣಿನದು, ಮೇಲೆ ಮಣ್ಣಿನ ಮಾಳಿಗೆ. ಬಾಗಿಲು ದಾಟಿದರೆ ಎಡಕ್ಕೆ ಕುರಿಮರಿಗಳ ದೊಡ್ಡಿ, ಬಲಕ್ಕೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆ ಮನೆ. ಅಡುಗೆ ಮನೆಯಲ್ಲಿ ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ ಬರುತ್ತಿತ್ತು, ಒಲೆಯ ಹೊಗೆ ಅದೇ ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಆ ಒಲೆ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಒಲೆಯನ್ನು ಅವಳೇ ಕಟ್ಟಿದ್ದಳು, ಅವಳೇ ಸಾರಿಸುತ್ತಿದ್ದಳು. ಅವ್ವ ಸೊಸೆಯಾಗಿ ಬಂದು ಹನ್ನೆರಡು ವರ್ಷವಾಗಿದ್ದರೂ ಬೆಳಿಗ್ಗೆ ಮೊದಲ ಬೆಂಕಿ ಹಚ್ಚುವುದು ಆಯಿಯ ಕೈ. ಯಾರು ಆ ಒಲೆ ಮುಟ್ಟಬಹುದು, ಯಾರು ಮುಟ್ಟಬಾರದು ಎಂಬುದರ ಮೇಲೆ ನಮ್ಮ ಮನೆಯ ನಂಟು ನಿಂತಿತ್ತು. ಮುಟ್ಟಬಾರದವರ ಪಟ್ಟಿಯಲ್ಲಿ ಅಪ್ಪನ ತಮ್ಮನ ಹೆಂಡತಿ ರೂತಮ್ಮ, ಅಂದರೆ ನನ್ನ ಕಾಕು, ಇದ್ದಳು.

ಕಾಕಾನ ಹೆಸರು ಮಾಳಪ್ಪ. ಕುರಿ ಬಿಟ್ಟು ತಾಂಡೂರಿಗೆ ಹೋಗಿ, ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಸೇರಿದ. ಅಲ್ಲೇ ರೂತಮ್ಮನನ್ನು ಮದುವೆಯಾದ. ಅವಳ ಮನೆಯವರು ಎರಡು ತಲೆಮಾರಿನ ಹಿಂದೆ ಕಿರಸ್ತಾನರಾದವರು. ಅದಕ್ಕೂ ಮೊದಲು ಅವರು ಯಾರಾಗಿದ್ದರು ಎಂಬುದನ್ನು ಆಯಿ ಮರೆತಿರಲಿಲ್ಲ. ಮದುವೆಯಾದ ಮೇಲೆ ಕಾಕಾ ವರ್ಷಕ್ಕೆ ಎರಡು ಸಲ ಒಬ್ಬನೇ ಬರುತ್ತಿದ್ದ. ಆಯಿ ಅವನಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು, ಹೆಂಡತಿಯ ಬಗ್ಗೆ ಕೇಳುತ್ತಿರಲಿಲ್ಲ. ಅವನೂ ಹೇಳುತ್ತಿರಲಿಲ್ಲ. ಮಗಳು ಹುಟ್ಟಿದಾಗ ಮಾತ್ರ, ಕೈ ತೊಳೆಯುತ್ತಾ, ಯಾರಿಗೆಂದು ಇಲ್ಲದೆ, “ಹೆಣ್ಣು ಹುಟ್ಟ್ಯಾದ” ಎಂದ. ಆಯಿ ನೂಲುವ ಕದಿರು ನಿಲ್ಲಿಸಿ, ಮತ್ತೆ ತಿರುಗಿಸಿದಳು.

ಅವರನ್ನು ಮನೆಗೆ ಕರೆತರುವ ಹಟ ಅವ್ವನದು. ಅವಳಿಗೆ ಅಕ್ಕತಂಗಿಯರಿರಲಿಲ್ಲ. ಕುರಿ ಮೇಯಿಸಲು ಅಪ್ಪ ತಿಂಗಳುಗಟ್ಟಲೆ ಮಂಜೀರಾ ದಂಡೆಯ ಕಡೆ ಹೋದಾಗ ಮನೆಯಲ್ಲಿ ಮಾತಾಡಲು ಆಯಿ ಬಿಟ್ಟರೆ ಯಾರೂ ಇಲ್ಲ. “ನನಗೂ ಒಬ್ಬಾಕಿ ನೆಗೆಣ್ಣಿ ಅದಾಳ, ಮುಖಾ ನೋಡಿಲ್ಲ” ಎಂದು ಮೈದುನನ ಹೆಂಡತಿಯ ಬಗ್ಗೆ ಬಾವಿಯ ಹತ್ತಿರ ಅನ್ನುತ್ತಿದ್ದಳು. ಕಾಕುವಿನ ತಾಯಿ ಒಬ್ಬ ವಿಲಾಯತಿ ಡಾಕ್ಟರರ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದವಳು. ಕ್ರಿಸ್‌ಮಸ್ಸಿಗೆ ಅಲ್ಲಿ ಟರ್ಕಿ ಕೋಳಿಯ ಹೊಟ್ಟೆಗೆ ಸೊಪ್ಪು ತುಂಬಿ ಇಡಿಯಾಗಿ ಸುಡುತ್ತಿದ್ದಳು. ಆ ಕೆಲಸ ಕಾಕುವಿಗೂ ಬರುತ್ತದೆ. ಮನೆಯ ಹಿಂದೆ ಅವಳು ಒಂದು ಜೋಡಿ ಸಾಕಿದ್ದಾಳೆ. ಇಷ್ಟು, ಆಯಿ ಇಲ್ಲದಾಗ, ಕಾಕಾನ ಬಾಯಿಂದ ಬಿದ್ದಿತ್ತು. ಅವ್ವ ಅದನ್ನು ಎತ್ತಿಟ್ಟುಕೊಂಡಳು. ಭಾದ್ರಪದದಲ್ಲಿ ಒಂದು ದಿನ ತೊಗರಿಬೇಳೆ ಹಸನು ಮಾಡುತ್ತಾ ಆಯಿಯ ಮುಂದೆ ಮಾತು ತೆಗೆದಳು.

“ಅತ್ತಿ, ಒಲಿ ಮುಟ್ಟಬಾರ್ದು ಅಂದೀರಿ. ಖರೇ. ಹಿತ್ತಲದಾಗ ಗುಂಡಿ ತೋಡಿದ್ರ ಅದಕ್ಕ ಒಲಿ ಅಂತಾರೇನ್ರಿ?”

“ಯಾವ ಗುಂಡಿ?”

“ಕೋಳಿ ಹೂತು ಸುಡೋ ಗುಂಡಿ. ಕುರಿ ಸಂಗಟ ಹೋದಾಗ ಗಂಡಸರು ಅಡವ್ಯಾಗ ಸುಡ್ತಾರಲ್ರಿ, ಹಂಗ.”

“ಗುಂಡಿ ಭೂಮ್ತಾಯಿದು,” ಎಂದಳು ಆಯಿ. “ಯಾಕ ಕೇಳ್ಲತ್ತಿ?”

“ಭೂಮ್ತಾಯಿ ಜಾತಿ ಕೇಳ್ತಾಳೇನ್ರಿ ಮತ್ತ?”

ಆಯಿ ಮೊರದಲ್ಲಿದ್ದ ಒಂದು ಹರಳು ಆರಿಸಿ ಎಸೆದಳು. “ನೀ ವಕೀಲಕಿ ಓದಬೇಕಿತ್ತು, ನಾಗಮ್ಮ. ಕುರುಬರ ಮನಿಗಿ ಬಂದು ಹಾಳಾದಿ.”

ಅವ್ವ ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡಳು. ಅಂದು ಸಂಜೆಯೇ ನನ್ನ ಕೈಯಲ್ಲಿ ಕಾಗದ ಬರೆಸಿದಳು. ನಾನು ಯಾರಿಗಾದರೂ ತಲುಪಲೆಂದು ಬರೆದ ಮೊದಲ ಬರಹ ಅದು. ತೆಲುಗಿನಲ್ಲಿ ಬರೆದೆ, ಕಾಕುವಿಗೆ ಓದಲು ಬರುವುದು ಅದೊಂದೇ. “ದಸರೆಗೆ ಮೂವರೂ ಬರಬೇಕು. ಕೋಳಿ ತರಬೇಕು. ಹೆದರಬಾರದು.” ಕೊನೆಯ ಮಾತನ್ನು ಅವ್ವ ಎರಡು ಸಲ ಬರೆಸಿದಳು.

ದಸರೆಯ ಹಿಂದಿನ ದಿನ ಅವರು ತಾಂಡೂರಿನಿಂದ ಜಹೀರಾಬಾದಿಗೆ, ಅಲ್ಲಿಂದ ನಾರಾಯಣಖೇಡಕ್ಕೆ, ಅಲ್ಲಿಂದ ನಮ್ಮ ಊರಿನ ಕ್ರಾಸಿಗೆ ಮೂರು ಬಸ್ಸು ಬದಲಿಸಿ ಬಂದರು. ಕೋಳಿ ಬುಟ್ಟಿಯೊಳಗಿಂದ ಕತ್ತು ಹೊರಗೆ ಹಾಕಿತ್ತು. ಕೊಕ್ಕಿನ ಮೇಲೆ ಜೋತುಬಿದ್ದ ಕೆಂಪು ಸೊಂಡಿಲು ನೋಡಲು ಅರ್ಧ ಊರು ಸೇರಿತು. ಅದನ್ನು ಅಂಗಳದಲ್ಲಿ ಬಿಟ್ಟಾಗ ಎದೆ ಉಬ್ಬಿಸಿ, ರೆಕ್ಕೆ ಎಳೆದುಕೊಂಡು ಒಂದು ಸುತ್ತು ಬಂತು. ಪಕ್ಕದ ಮನೆಯ ಮುದುಕ ಹೇಳಿದ:

“ಇದು ಕೋಳಿ ಅಲ್ಲೋ ಮಾಳಪ್ಪ, ತಹಶೀಲ್ದಾರ. ಪಂಚನಾಮಾ ಮಾಡಾಕ ಬಂದದ.”

ಕಾಕು ನಕ್ಕಳು. ನಾನು ಅವಳನ್ನು ಮೊದಲು ನೋಡಿದ್ದು ಹಾಗೆ, ಬಾಯಿಗೆ ಸೆರಗು ಹಿಡಿದು ನಗುತ್ತಾ. ಎತ್ತರದ ತೆಳ್ಳನೆಯ ಹೆಂಗಸು. ಮಗಳು ಪ್ರೇಮಾಗೆ ನಾಲ್ಕು ವರ್ಷ. ಆಯಿ ಹೊಸ್ತಿಲ ಒಳಗೆ ಕೂತಿದ್ದಳು. ಕಾಕು ಅಂಗಳದಲ್ಲೇ ಬಗ್ಗಿ ನೆಲ ಮುಟ್ಟಿ ನಮಸ್ಕಾರ ಮಾಡಿದಳು. ಆಯಿ “ಹ್ಞೂಂ” ಎಂದಳು. ಪ್ರೇಮಾಳಿಗೆ ಇದಾವುದೂ ಗೊತ್ತಿರಲಿಲ್ಲ. ಅವಳು ಹೊಸ್ತಿಲು ದಾಟಿ ಹೋಗಿ, ಆಯಿಯ ಕದಿರನ್ನು ಕೈಯಲ್ಲಿ ಹಿಡಿದು, ಅವಳ ತೊಡೆಯ ಮೇಲೆ ಕೂತಳು. ಆಯಿ ಎರಡೂ ಕೈ ಮೇಲೆತ್ತಿದಳು, ನೀರಿಗೆ ಇಳಿದವರ ಹಾಗೆ. ಎಷ್ಟು ಹೊತ್ತೆಂದು ಹೇಳಲಾರೆ. ಆಮೇಲೆ ಕೈಗಳು ಕೆಳಗಿಳಿದವು. ಒಂದು ಕೈ ಮಗುವಿನ ಬೆನ್ನ ಮೇಲಿತ್ತು.

ಮರುದಿನ ಬನ್ನಿ ಮುಡಿಯುವ ಹಬ್ಬ. ಸಂಜೆ ಎಲ್ಲರೂ ಎಲ್ಲರಿಗೂ ಬನ್ನಿ ಎಲೆ ಕೊಟ್ಟು ಕಾಲಿಗೆ ಬಿದ್ದರು. “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎಂದು ಕಾಕಾ ಕೊಟ್ಟಾಗ ಆಯಿ ಅವನ ತಲೆ ಹಿಡಿದು ಅತ್ತಳು. ಕಾಕು ಎಲೆ ಚಾಚಿದಾಗ “ಅಲ್ಲಿಡು” ಎಂದಳು. ಕಾಕು ಹೊಸ್ತಿಲ ಮೇಲೆ ಇಟ್ಟಳು. ಅವಳು ಅತ್ತ ಹೋದ ಮೇಲೆ ಆಯಿ ಆ ಎಲೆಗಳನ್ನು ಎತ್ತಿ, ಉಳಿದ ಎಲೆಗಳ ಜೊತೆ ಸೆರಗಿನ ತುದಿಗೆ ಕಟ್ಟಿಕೊಂಡಳು. ಅದನ್ನು ನಾನು ನೋಡಿದೆ, ಅವ್ವನಿಗೆ ಓಡಿಹೋಗಿ ಹೇಳಿದೆ. ಅವ್ವ ನನ್ನ ಕೆನ್ನೆ ಹಿಡಿದು ಹಿಂಡಿದಳು. “ನಾಳಿಗಿ ಒಂದು ಪಂಕ್ತ್ಯಾಗ ಕೂತು ಉಂಡ್ರ ಆತು. ಒಮ್ಮಿ ಉಂಡ್ರ ಆತು, ಮುಂದ ಯಾರಿಗೂ ತಡೀಲಾಕ ಬರಂಗಿಲ್ಲ” ಎಂದಳು. ಹೇಳಿದ್ದು ನನಗೋ ತನಗೋ ತಿಳಿಯದು. ನಮ್ಮಲ್ಲಿ ಹಾಗೆಯೇ. ಒಂದು ಸಲ ಪಂಕ್ತಿಗೆ ಕೂಡಿಸಿಕೊಂಡವರನ್ನು ಎಬ್ಬಿಸುವಂತಿಲ್ಲ.

ಹಬ್ಬದ ಮರುದಿನ ಕರಿ, ಮಾಂಸದೂಟದ ದಿನ. ಅಪ್ಪ ಬೆಳಿಗ್ಗೆ ಕೋಳಿ ಕೊಯ್ದ. ಹಿತ್ತಲಲ್ಲಿ ಮೊಳಕಾಲಾಳದ ಗುಂಡಿ ತೋಡಿ, ಹಳ್ಳದ ಗುಂಡುಕಲ್ಲು ಹಾಸಿ, ಮೇಲೆ ತೊಗರಿ ಕಟ್ಟಿಗೆ ಉರಿಸಿದ. ಬೆಂಕಿ ಒಲೆಯಿಂದ ತರಲಿಲ್ಲ, ಕಡ್ಡಿ ಗೀರಿ ಹಚ್ಚಿದ. ಕಾಕು ಕೋಳಿಗೆ ಉಪ್ಪು, ಅರಿಶಿನ, ಮೊಸರು ಸವರಿ, ಕುಸುಬಿ ಎಣ್ಣೆ ಹಚ್ಚಿದಳು. ಹೊಟ್ಟೆಗೆ ತುಂಬಲು ಬಂಗಲೆಯಲ್ಲಿ ಬ್ರೆಡ್ಡು ಹಾಕುತ್ತಿದ್ದರಂತೆ. ಅವಳು ಹಿಂದಿನ ದಿನದ ಜೋಳದ ರೊಟ್ಟಿ ಪುಡಿ ಮಾಡಿದಳು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಕೊತ್ತಂಬರಿ, ಪುದೀನಾ ಕಲಸಿ ಮೂಸಿ ನೋಡಿದಳು. ಏನೋ ಕಡಿಮೆಯೆಂದು ತಲೆಯಾಡಿಸಿದಳು.

“ನಮ್ಮವ್ವ ಇನ್ನೊಂದು ಸೊಪ್ಪು ಹಾಕ್ತಿದ್ಳು. ದೊರಸಾನಿ ಡಬ್ಬ್ಯಾಗಿಂದು, ಒಣಗಿಂದು. ಹೆಸರು ಗೊತ್ತಿಲ್ಲ. ಹೂ ಮಾರಾಕ ಬರ್ತಾರಲ್ಲ, ಮಲ್ಲಿಗಿ ನಡುವ ಸೇರಿಸಿರ್ತಾರ, ಹಸರಂದು, ಘಮ್ ಅಂತದ…”

ಅದು ಮರುಗ ಎಂದು ನನಗೆ ತಿಳಿಯಿತು. ಊರಲ್ಲಿ ಅದು ಒಂದೇ ಕಡೆ ಇತ್ತು. ಹಿತ್ತಲ ಆಚೆ, ನಮ್ಮ ಹೊಲದ ಬದುವಿನಲ್ಲಿ, ಮುತ್ಯಾನನ್ನು, ಅಂದರೆ ಆಯಿಯ ಗಂಡನನ್ನು, ಮಣ್ಣು ಮಾಡಿದ ಗದ್ದಿಗೆಯ ಮೇಲೆ. ಮುತ್ಯಾ ಬದುಕಿದ್ದಾಗ ಬೀದರ ಸಂತೆಗೆ ಹೋದಾಗಲೆಲ್ಲ ಆಯಿಗೆ ಮುಡಿಯಲು ಮರುಗ ತರುತ್ತಿದ್ದನಂತೆ. ಅವನು ಸತ್ತ ಮೇಲೆ ಆಯಿ ಅದರ ಗಿಡವನ್ನೇ ತಂದು ಅಲ್ಲಿ ಹಚ್ಚಿದಳು. ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕಿ ಉಳಿಸಿದಳು. ಅಮಾವಾಸ್ಯೆಗೆ ಒಂದು ಕುಡಿ ಚಿವುಟಿ ಕಲ್ಲಿನ ಮೇಲೆ ಇಡುತ್ತಿದ್ದಳು, ಅಷ್ಟೇ. ಬೇರೆ ಯಾರೂ ಅದನ್ನು ಹರಿಯಬಾರದು ಎಂಬುದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕಾಕು ನನ್ನನ್ನು ನೋಡಿ ಮೆಚ್ಚಬೇಕು ಎಂಬುದು ಆ ಹೊತ್ತಿಗೆ ಅದಕ್ಕಿಂತ ದೊಡ್ಡದಾಗಿತ್ತು. ನಾನು ಓಡಿಹೋಗಿ ಎರಡೂ ಕೈಯಿಂದ ಹರಿದೆ. ಕಡ್ಡಿ ಬಿಟ್ಟು ಎಲ್ಲವನ್ನೂ ಲಂಗದ ಉಡಿಯಲ್ಲಿ ತುಂಬಿಕೊಂಡು ಬಂದೆ.

“ಯವ್ವಾ, ಇದೇ ನೋಡು!” ಎಂದಳು ಕಾಕು. ಮುಖವನ್ನು ಸೊಪ್ಪಿನಲ್ಲಿ ಇಟ್ಟು ಉಸಿರೆಳೆದಳು. “ಎಲ್ಲಿ ಸಿಕ್ಕಿತು, ನೀಲವ್ವ?”

“ಹಿತ್ತಲದಾಗ.”

ಅವ್ವ ಪಕ್ಕದಲ್ಲೇ ಬಳ್ಳೊಳ್ಳಿ ಸುಲಿಯುತ್ತಿದ್ದಳು. ತಲೆ ಎತ್ತಿದಳು. ನನ್ನನ್ನು ನೋಡಿದಳು. ಮತ್ತೆ ತಲೆ ಬಗ್ಗಿಸಿ ಸುಲಿದಳು.

ಕೋಳಿಯ ಹೊಟ್ಟೆ ತುಂಬಿ, ಗೋಣಿ ಹೊಲಿಯುವ ದಾರದಿಂದ ಹೊಲಿದು, ಮುತ್ತಲ ಎಲೆಯಲ್ಲಿ ಸುತ್ತಿ, ಒದ್ದೆ ಗೋಣಿಯಲ್ಲಿ ಕಟ್ಟಿ, ಮೇಲೆ ಎರೆಮಣ್ಣು ಮೆತ್ತಿದರು. ಕೆಂಡ ಸರಿಸಿ ಗುಂಡಿಯಲ್ಲಿ ಇಳಿಸಿ, ಕಲ್ಲು ಮುಚ್ಚಿ, ಸಂದಿಗೆ ಮಣ್ಣು ತುಂಬಿದರು. ಆಯಿ ಹಿತ್ತಲ ಬಾಗಿಲಿಗೆ ಬಂದು ನೋಡಿದಳು. “ಎಷ್ಟೊತ್ತು ಬೇಯ್ತದ?” ಎಂದು ಕೇಳಿದಳು. ನೇರವಾಗಿ ಕಾಕುವನ್ನೇ ಕೇಳಿದಳು, ಅದು ಮೊದಲ ಸಲ.

“ಮೂರ್ನಾಲ್ಕು ತಾಸು ಬೇಕ್ರಿ, ಅತ್ತಿ.”

“ನನಗ ಕಾಲು ಗೀಲು ಬ್ಯಾಡ. ಹಲ್ಲಿಲ್ಲ. ಎದಿಂದು ಮೆತ್ತಗಿಂದು ಇಡ್ರಿ.”

ಅವ್ವ ಒಳಗೆ ಬಂದು, ತಾಟು ತೊಳೆಯುವ ನೆಪದಲ್ಲಿ ಅತ್ತಳು.

ಊಟಕ್ಕೆ ಮೊದಲು ಗದ್ದಿಗೆಗೆ ಎಡೆ ಕೊಡುವುದು ಪದ್ಧತಿ. ಆಯಿ ರೊಟ್ಟಿ, ಪಲ್ಯ, ಅನ್ನ ಇಟ್ಟುಕೊಂಡು ಹೊಲಕ್ಕೆ ಹೋದಳು. ಅವಳು ಪ್ರತಿ ಹಬ್ಬಕ್ಕೂ ಹೋಗುತ್ತಾಳೆ ಎಂಬುದು ನನಗೆ ಸೊಪ್ಪು ಹರಿಯುವಾಗ ನೆನಪಾಗಿರಲಿಲ್ಲ. ತಿರುಗಿ ಬಂದಾಗ ಒಂದು ಕೈಯಲ್ಲಿ ಎಡೆಯ ತಾಟು ಹಾಗೇ ಇತ್ತು, ಇನ್ನೊಂದರಲ್ಲಿ ಬೋಳು ಕಡ್ಡಿ. ನಾವೆಲ್ಲ ಹಿತ್ತಲಲ್ಲಿ ಗುಂಡಿಯ ಸುತ್ತ ಇದ್ದೆವು.

“ಯಾರು ಹರದಾರ ಇದು?”

“ಏನಾತವ್ವಾ?” ಎಂದ ಅಪ್ಪ.

“ನಿಮ್ಮಪ್ಪನ ತಲಿ ಬೋಳಿಸ್ಯಾರ. ಯಾರು ಅಂತ ಕೇಳ್ಲತ್ತೀನಿ.”

ಕಾಕು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

“ನಾನೇ ರೀ, ಅತ್ತಿ. ತಪ್ಪಾತ್ರಿ. ಗೊತ್ತಿರಲಿಲ್ರಿ.”

“ಎಲ್ಲದ ಈಗ?”

ಕಾಕುವಿನ ಕಣ್ಣು ಗುಂಡಿಯ ಮೇಲಿನ ಕಲ್ಲಿಗೆ ಹೋಯಿತು. ಆಯಿಯ ಕಣ್ಣೂ ಅಲ್ಲಿಗೆ ಹೋಯಿತು.

“ಕೋಳಿ ಹೊಟ್ಟ್ಯಾಗ?”

“ಹೌದ್ರಿ.”

ಆಯಿ ಕೂಗಲಿಲ್ಲ. ಎಡೆಯ ತಾಟು ಕೆಳಗಿಟ್ಟು, ಕಲ್ಲಿನ ಪಕ್ಕ ಮಣ್ಣಿನಲ್ಲೇ ಕೂತಳು. “ಅಂವಾ ನನಗ ಮುಡೀಲಾಕ ತರ್ತಿದ್ದ ಸೊಪ್ಪು. ಕೋಳಿ ಕರುಳಿನ ಜಾಗದಾಗ ತುಂಬೀರಿ. ಇದನ್ನ ತೆಗೀಬ್ಯಾಡ್ರಿ. ತೆಗದ್ರ ನಾ ಈ ಮನ್ಯಾಗ ಇರಾಂಗಿಲ್ಲ.”

ಕಾಕಾ ಮುಂದೆ ಬಂದ. “ಅವ್ವಾ, ಆಕಿಗಿ ಗೊತ್ತಿರಲಿಲ್ಲ. ಗಿಡಾ ನಾಳಿಗಿ ಚಿಗೀತದ. ನನ್ನ ಹೆಂಡ್ತಿ ಐದು ವರ್ಷಕ್ಕ ಒಮ್ಮಿ ನಿನ್ನ ಬಾಗಿಲಿಗಿ ಬಂದಾಳ.”

“ಬಂದಾಕಿ ಕೈ ಸುಮ್ಮ ಇಟ್ಕೋಬೇಕಿತ್ತು. ಅವರ ಕೈಗುಣಾನೇ ಹಂಗ.”

“ಅವರ ಅಂದಿ? ಯಾರು ಅವರ?”

ಅಪ್ಪ “ಮಾಳಪ್ಪ, ಜರಾ ತಡಿ” ಎಂದ. ಕಾಕಾ ತಡೆಯಲಿಲ್ಲ. ಒಳಗೆ ಹೋಗಿ ಚೀಲ ತಂದ, ಪ್ರೇಮಾಳನ್ನು ಎತ್ತಿಕೊಂಡ. “ನೀ ಬಾಯಿಬಿಟ್ಟು ಬಾ ಅನ್ನೋ ತನಕ ಈ ಅಂಗಳಾ ತುಳಿಯಂಗಿಲ್ಲ ನಾ” ಎಂದ. ಮಗು ಕೋಳಿ ಬೇಕೆಂದು ಅಳುತ್ತಿತ್ತು. ಅವ್ವ “ರೊಟ್ಟಿ ಪಲ್ಯಾರೆ ಉಂಡು ಹೋಗ್ರಿ” ಎನ್ನುತ್ತಾ ಅಂಗಳದವರೆಗೆ ಹಿಂದೆ ಹೋದಳು. ಅಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದಳು. ತಿರುಗಿ ನನ್ನನ್ನು ನೋಡಿದಳು. ಬಾಯಿ ಮುಚ್ಚಿದಳು.

ಅಂದು ಸಂಜೆ ಅವ್ವ ನನ್ನ ಲಂಗ ಬಿಚ್ಚಿಸಿ ಒಗೆದಳು. ಒಗೆಯುವ ದಿನ ಅದಾಗಿರಲಿಲ್ಲ. ಎರಡು ಸಲ ಸಾಬೂನು ಹಚ್ಚಿದಳು. ನಾನು ಏನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಮೂರನೇ ದಿನ ಅಪ್ಪ ಗುಂಡಿಯ ಮೇಲೆ ಇನ್ನೆರಡು ಬುಟ್ಟಿ ಮಣ್ಣು ಹಾಕಿದ.

ಆ ಮನೆಯಲ್ಲಿ ನಾನು ಇನ್ನೂ ಎಂಟು ವರ್ಷ ಇದ್ದೆ. ಹೇಳಬಹುದಾಗಿದ್ದ ದಿನಗಳು ಬಹಳ ಇದ್ದವು. ಮೊದಲ ವಾರ ಹೊಡೆತದ ಹೆದರಿಕೆ. ಆಮೇಲೆ, ಹೇಳಿದರೆ ಅವ್ವನೂ ಸಿಕ್ಕಿಬೀಳುತ್ತಾಳೆ ಎಂಬ ಹೆದರಿಕೆ. ಆಮೇಲೆ ಹೆದರಿಕೆ ಹೋಯಿತು, ಹೇಳದಿರುವುದು ರೂಢಿಯಾಗಿ ಉಳಿಯಿತು. ಆಯಿ ಗಿಡಕ್ಕೆ ನೀರು ಹಾಕುವುದನ್ನು ಬಿಡಲಿಲ್ಲ. ಅವಳು ಹಾಸಿಗೆ ಹಿಡಿದಾಗ ಅಪ್ಪ ಕೇಳಿದ, “ಮಾಳಪ್ಪಗ ಕರೀಲೇನು?” ಆಯಿ “ಬಂದ್ರ ಬ್ಯಾಡ ಅನ್ನಾಂಗಿಲ್ಲ” ಎಂದಳು. ಅಪ್ಪ ತಾಂಡೂರಿಗೆ ಹೋಗಿ ಅದನ್ನೇ ಹೇಳಿದ. ಕಾಕಾ ಕೇಳಿದನಂತೆ: “ಬಾ ಅಂದಾಳೇನು, ಬ್ಯಾಡ ಅನ್ನಾಂಗಿಲ್ಲ ಅಂದಾಳೇನು?” ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಆಯಿ ಸತ್ತು ಮಣ್ಣು ಮಾಡುವ ದಿನ ಕಾಕಾ ಬಂದ. ನೇರ ಹೊಲಕ್ಕೆ ಬಂದು, ಮೂರು ಹಿಡಿ ಮಣ್ಣು ಹಾಕಿ, ಅಂಗಳ ತುಳಿಯದೆ ಹೋದ.

ಮುಂದೆ ನಾನು ಜಹೀರಾಬಾದಿನಲ್ಲಿ ಒಂದು ಪತ್ರಿಕೆಗೆ ವರದಿ ಬರೆಯುವ ಕೆಲಸಕ್ಕೆ ಸೇರಿದೆ. ಅವ್ವನಿಗೆ ಮೊದಲ ವರದಿ ಓದಿ ಹೇಳಿದಾಗ, “ಎಲ್ಲಾರದೂ ಬರೀತಿ. ಬರಿ” ಎಂದಳು. ಅಷ್ಟೇ.

ಕಾಕಾ ಎದೆಯಲ್ಲಿ ಕಲ್ಲಿನ ಧೂಳು ಕೂತು ಸತ್ತ. ವರ್ಷ ತುಂಬಿದ ಮೇಲೆ ನಾನು ತಾಂಡೂರಿಗೆ ಹೋಗಿ ಕಾಕುವಿನ ಮುಂದೆ ಕೂತು, ಆ ಸೊಪ್ಪು ಹರಿದವಳು ನಾನೇ ಎಂದು ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

“ಸೊಪ್ಪು ತಂದಾಕಿ ನೀನಂತ ಗೊತ್ತದಲ್ಲ. ನನ್ನ ಕೈಯಾಗೇ ಕೊಟ್ಟಿದ್ದಿ.”

“ಮತ್ತ ನಿನ್ನ ಮ್ಯಾಲ ಯಾಕ ತಗೊಂಡಿ, ಕಾಕು?”

“ಅಷ್ಟು ದೊಡ್ಡದು ಆಗ್ತದಂತ ನಾ ಏನು ಬಲ್ಲೆ? ಒಂದು ಬೈಗಳ ತಿಂದ್ರ ಮುಗೀತದ ಅನ್ಕೊಂಡೆ. ಸಣ್ಣಾಕಿ ಇದ್ದಿ, ನಡುಗಲತ್ತಿದ್ದಿ.” ಅಕ್ಕಿಯನ್ನು ಒಂದು ಕಡೆ ಸರಿಸಿದಳು. “ನಿಮ್ಮ ಕಾಕಾಗ ಹೇಳಲಿಲ್ಲ. ಹೇಳಿದ್ರ ನಿಮ್ಮಪ್ಪನ ಸಂಗಟ ಜಗಳಕ್ಕ ಹೋಗ್ತಿದ್ದ. ಜಗಳಾ ಬಂದಾಗೊಮ್ಮಿ ನನಗೇ ಅಂತಿದ್ದ, ನಿನ್ನ ಕೈಲಿಂದ ನನಗ ಅವ್ವ ಇಲ್ಲದಂಗಾತು ಅಂತ. ಸಾಯೋ ತನಕ ಅಂದ.”

ನಾನು ನೆಲಕ್ಕೆ ಬಿದ್ದಿದ್ದ ಎರಡು ಅಕ್ಕಿ ಕಾಳು ಹೆಕ್ಕಿ ಒಳಗೆ ಹಾಕಿದೆ.

“ನೀ ಹೇಳ್ತಿ ಅಂತ ಕಾದೆವ್ವ. ಆ ದಿನ ಅಲ್ಲ. ಮುಂದ ಯಾವಾಗರೆ. ಅಂವಾ ಇರೋ ತನಕ ಕಾದೆ.” ಆಮೇಲೆ ಅವಳು ಎದ್ದು ನನಗೆ ಚಹಾ ಮಾಡಿದಳು.

ಕಳೆದ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಮೂರನೇ ದಿನಕ್ಕೆ ಕಾಕು ಒಬ್ಬಳೇ ಬಂದಳು. ಮನೆಯ ಒಳಗೆ ಬಂದಳು, ಅವ್ವನ ಫೋಟೋಗೆ ಕೈ ಮುಗಿದಳು, ಅಪ್ಪನ ಹತ್ತಿರ ಸ್ವಲ್ಪ ಹೊತ್ತು ಕೂತಳು. ಊಟಕ್ಕೆ ಕೂಡುವ ಹೊತ್ತಿಗೆ ನಾನು ಕೈ ಹಿಡಿದು ಕರೆದೆ. “ಇವತ್ತು ನನಗ ಉಪಾಸ ಅದವ್ವ” ಎಂದಳು. ಎರಡು ಗಂಟೆಯ ಬಸ್ಸಿಗೆ ಹೊರಟಳು. ಆಮೇಲೆ ಪ್ರೇಮಾ ಫೋನಿನಲ್ಲಿ ಹೇಳಿದ ಪ್ರಕಾರ ಅವಳು ಮನೆ ಮುಟ್ಟಿದ್ದು ರಾತ್ರಿ ಎಂಟಕ್ಕೆ. ಕಾಲು ತೊಳೆದುಕೊಂಡು, ಅನ್ನಕ್ಕೆ ಇಟ್ಟು, ಬೇಳೆ ಕುದಿಸಿ, ಉಂಡು ಮಲಗಿದಳು.